ಗಂಡಸರನ್ನು ತೆಗೆದರೆ ಸಾಕಾ?

ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗದಿರಲು ಡೇ ಕೇರ್‌ಗಳಲ್ಲಿ ಗಂಡಸರಿಗೆ ಕೆಲಸವೇ ಬೇಡ ಎನ್ನುವ ಲೇಖನವೊಂದನ್ನು ಓದಿದೆ. ಅದರ ಲೇಖಕರ ಆತಂಕ ಅರ್ಥವಾಗುತ್ತದೆ. ಇಂಥ ಕೇಸುಗಳಲ್ಲಿ ಸಿಕ್ಕಿಬೀಳುವವರಲ್ಲಿ ಗಂಡಸರೇ ಜಾಸ್ತಿ, ನಿಜ. ಆದರೆ 2009ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನ ನರ್ಸರಿಯೊಂದರಲ್ಲಿ ಮಕ್ಕಳ ಮೇಲೆ ದೌರ್ಜನ್ಯ ಎಸಗಿ ಮೊಬೈಲಿನಲ್ಲಿ ಫೋಟೊ ತೆಗೆದದ್ದು ಒಬ್ಬ ಹೆಂಗಸು. ಆಕೆ ಫೋನಿನಲ್ಲಿದ್ದ ಅಶ್ಲೀಲ ಚಿತ್ರಗಳನ್ನು ಜೊತೆಯಲ್ಲಿ ಕೆಲಸ ಮಾಡುವವರಿಗೇ ತೋರಿಸುತ್ತಿದ್ದಳು. ಅವರಿಗೆ ಅದನ್ನು ಹೇಳಿಕೊಳ್ಳಲು ದಾರಿ ಇರಲಿಲ್ಲ, ಅಷ್ಟೆ.

ಹಾಗಾಗಿ ನಾನು ಮೊದಲು ನೋಡುವುದು ಡೈಪರ್ ಬದಲಿಸುವ ಜಾಗ. ಬಾಗಿಲಿಗೆ ಗಾಜು ಇದೆಯಾ? ಆಚೆ ನಿಂತವರಿಗೆ ಕಾಣುತ್ತದಾ? ಸಿಬ್ಬಂದಿಯ ಫೋನ್ ಲಾಕರಿನಲ್ಲಿದೆಯಾ? ಕೆಲಸಕ್ಕೆ ಹೊಸಬರು ಏನಾದರೂ ಹೇಳಿದರೆ ಕೇಳುವವರು ಯಾರು?

ಮೊನ್ನೆ ಡೇ ಕೇರ್‌ನಲ್ಲಿ ಮಗನ ಮಂಡಿ ತರಚಿದಾಗ ಅವನನ್ನು ಎತ್ತಿಕೊಂಡು ಬಂದದ್ದು ಅಲ್ಲಿ ಕೆಲಸ ಮಾಡುವ ಹುಡುಗ. ಎತ್ತಿಕೊಂಡಿದ್ದಕ್ಕೆ ನನ್ನ ಹತ್ತಿರ ಸಾರಿ ಕೇಳಿದ, ಪಾಪ.