ಸೋರುವ ಸೂರಿಗೆ ನಿಮ್ಮ ಅಮೂಲ್ಯ ಮತ

ಟೆಕ್ಸಸ್‌ನಲ್ಲಿ ಸರ್ಕಾರಿ ಹೈಸ್ಕೂಲಿನ ಸೂರು ಸೋರಲು ಶುರುವಾದರೆ ಅದು ಚುನಾವಣೆಗೆ ನಿಲ್ಲಬೇಕು. ತಮಾಷೆ ಅಲ್ಲ. ಟೆಕ್ಸಸ್ ಒಂದೇ ಅಲ್ಲ, ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಇದೇ ಪದ್ಧತಿ. ಊರಿನ ಶಾಲೆಗಳನ್ನೆಲ್ಲ ನೋಡಿಕೊಳ್ಳಲು ಸ್ಕೂಲ್ ಡಿಸ್ಟ್ರಿಕ್ಟ್ ಅಂತ ಒಂದು ಸಂಸ್ಥೆ ಇರುತ್ತದೆ. ಕಟ್ಟಡಕ್ಕೆ ದೊಡ್ಡ ಮೊತ್ತ ಬೇಕಾದರೆ ಅದು ಬಾಂಡ್ ಮಾರಿ ಸಾಲ ಎತ್ತುತ್ತದೆ. ಆ ಸಾಲವನ್ನು ಊರಿನವರ ಮನೆ ತೆರಿಗೆಯಿಂದ ಇಪ್ಪತ್ತು ಮೂವತ್ತು ವರ್ಷ ತೀರಿಸುತ್ತದೆ. ಸಾಲ ಎತ್ತಲು ಮತದಾರರು ಹೂಂ ಅನ್ನಬೇಕು. ಹಾಗಾಗಿ ಮೇ ತಿಂಗಳ ಮೊದಲ ಶನಿವಾರವೋ ನವೆಂಬರಿನ ಒಂದು ಮಂಗಳವಾರವೋ ಎಸಿ, ಚರಂಡಿ ಪೈಪು, ಕಕ್ಕಸು ಎಲ್ಲವೂ ಜನರ ಮುಂದೆ ಕೈಮುಗಿದು ನಿಲ್ಲುತ್ತವೆ. ‘ನಿಮ್ಮ ಅಮೂಲ್ಯ ಮತವನ್ನು ನನಗೇ ನೀಡಿ’ ಅನ್ನಲು ಸೂರಿಗೆ ಬಾಯಿಲ್ಲ, ಅಷ್ಟೇ. ಚಿಹ್ನೆ ಬೇಕಾದರೆ ಬಕೆಟ್ ಇದೆ. ಕ್ಲಾಸಿನ ಮಧ್ಯದಲ್ಲೇ ಇಟ್ಟಿರುತ್ತಾರೆ.

ಎದುರಾಳಿ ಯಾರು? ಯಾರೂ ಇಲ್ಲ. ಕಣದಲ್ಲಿ ಸೂರು ಒಂದೇ. ಆದರೂ ಸೋಲುತ್ತದೆ. ಅವಿರೋಧ ಆಯ್ಕೆಯ ಭಾಗ್ಯ ಅದಕ್ಕಿಲ್ಲ. ಸೋತ ಮೇಲೆ ಇನ್ನೊಂದಷ್ಟು ಮಳೆ ಕಂಡು, ಇನ್ನೊಂದಷ್ಟು ಸೋರಿ, ಮೊದಲಿಗಿಂತ ದುಬಾರಿ ಅಂದಾಜುಪಟ್ಟಿ ಹಿಡಿದುಕೊಂಡು ಮತ್ತೆ ನಾಮಪತ್ರ ಸಲ್ಲಿಸಬೇಕು. ಅಮೆರಿಕದ ಸಂಸತ್ತಿಗೆ ಲೆಕ್ಕ ಒಪ್ಪಿಸುವ ಜಿಎಒ ಸಂಸ್ಥೆ 2020ರಲ್ಲಿ ಒಂದು ವರದಿ ಕೊಟ್ಟಿತು. ದೇಶದ ಸ್ಕೂಲ್ ಡಿಸ್ಟ್ರಿಕ್ಟ್‌ಗಳಲ್ಲಿ ಶೇ. 41ರಷ್ಟು, ತಮ್ಮ ಅರ್ಧಕ್ಕರ್ಧ ಶಾಲೆಗಳಲ್ಲಾದರೂ ಎಸಿ, ಹೀಟರು, ಗಾಳಿಯ ವ್ಯವಸ್ಥೆಯನ್ನು ಬದಲಿಸಬೇಕು ಅಥವಾ ಸರಿಪಡಿಸಬೇಕು ಅಂತ ಅದರ ಅಂದಾಜು. ಶಾಲೆಗಳ ಲೆಕ್ಕದಲ್ಲಿ ಸುಮಾರು 36,000. ನಮ್ಮ ಯಾವ ಪಕ್ಷದ ಕಚೇರಿಯ ಮುಂದೆಯೂ ಇಷ್ಟೊಂದು ಟಿಕೆಟ್ ಆಕಾಂಕ್ಷಿಗಳನ್ನು ಕಂಡಿಲ್ಲ.

ಇನ್ನು ಪ್ರಚಾರ. ಟೆಕ್ಸಸ್ ಕಾನೂನಿನ ಪ್ರಕಾರ ಸ್ಕೂಲ್ ಡಿಸ್ಟ್ರಿಕ್ಟು ಜನರ ದುಡ್ಡಿನಲ್ಲಿ ಮತ ಕೇಳುವಂತಿಲ್ಲ. ಮಾಹಿತಿ ಕೊಡಬಹುದು, ಅಷ್ಟೇ. ಸರಿಯಾದ ಮಾತೇ, ನಮ್ಮ ದುಡ್ಡಲ್ಲೇ ನಮ್ಮ ತಲೆ ತಿರುಗಿಸಬಾರದು. ಆದರೆ ಸಭೆಯಲ್ಲಿ ಅಧಿಕಾರಿ ಹೇಗೆ ಮಾತಾಡಬೇಕಾಗುತ್ತದೆ ಊಹಿಸಿ. ‘ಈ ಕೋಣೆಯಲ್ಲಿ ನೀರು ಬೀಳುತ್ತಿದೆ. ಇದು ಮಾಹಿತಿ. ನೀರು ಬೀಳುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಬಗ್ಗೆ ನಮಗೆ ಯಾವ ಅಭಿಪ್ರಾಯವೂ ಇಲ್ಲ. ಕೊಡೆ ಹೊರಗಡೆ ಇಟ್ಟಿದ್ದೇವೆ, ಅದೂ ಮಾಹಿತಿಯೇ. ನಮಸ್ಕಾರ.’

ಇಷ್ಟು ಮಡಿ ಮತಪತ್ರಕ್ಕೆ ಮಾತ್ರ ಇಲ್ಲ. 2019ರಲ್ಲಿ ಬಂದ ಕಾನೂನಿನಂತೆ ಟೆಕ್ಸಸ್‌ನ ಪ್ರತಿ ಶಾಲಾ ಬಾಂಡ್ ಪ್ರಸ್ತಾವದಲ್ಲೂ ಒಂದು ಸಾಲು ಇರಲೇಬೇಕು, ಅದೂ ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರಗಳಲ್ಲಿ: ‘ಇದು ಆಸ್ತಿ ತೆರಿಗೆಯ ಏರಿಕೆ’. ಕನ್ನಡದಲ್ಲಿ ಆ ಸೌಲಭ್ಯ ಇಲ್ಲ, ನೀವೇ ಸ್ವಲ್ಪ ಕಿರುಚಿ ಓದಿಕೊಳ್ಳಿ. ತೆರಿಗೆ ದರ ಏರದಿದ್ದರೂ ಈ ಸಾಲು ಇರಬೇಕು. ದರ ಇಳಿಯುತ್ತಿದ್ದರೂ ಇರಬೇಕು. ಇದನ್ನು ಒಪ್ಪುವವರ ವಾದ ಏನಪ್ಪಾ ಅಂದರೆ, ಹೊಸ ಸಾಲ ಮಾಡದಿದ್ದರೆ ತೆರಿಗೆ ಇನ್ನೂ ಇಳಿಯುತ್ತಿತ್ತು, ಅಷ್ಟು ಇಳಿಯದೇ ಇರೋದೂ ಏರಿಕೆಯೇ. ಹಾಗೆ ನೋಡಿದರೆ ಸಂಬಳ ಕಡಿತವಾಗದ ಪ್ರತಿ ತಿಂಗಳೂ ನನಗೆ ಬಡ್ತಿ. ಒಟ್ಟಿನಲ್ಲಿ ಶಾಲೆಯ ಕರಪತ್ರ ‘ಹೌದು ಅನ್ನಿ’ ಅಂದರೆ ಅಪರಾಧ. ಮತಪತ್ರವೇ ‘ಬೇಡ ಅನ್ನಿ’ ಅಂತ ಕಣ್ಣು ಹೊಡೆದರೆ ಪಾರದರ್ಶಕತೆ.

ಹಾಗಾದರೆ ಈ ಕಣದಲ್ಲಿ ಸಲೀಸಾಗಿ ಗೆಲ್ಲೋರು ಯಾರು? ಡಾಲಸ್‌ನ ಉತ್ತರಕ್ಕಿರುವ ಅಲೆನ್ ಊರಿನ ಕಥೆ ಕೇಳಿ. 2009ರಲ್ಲಿ ಅಲ್ಲಿ ಸುಮಾರು 11.9 ಕೋಟಿ ಡಾಲರಿನ ಬಾಂಡ್‌ಗೆ ಮತ ಹಾಕಿದರು. ಲೀಮನ್ ಬ್ರದರ್ಸ್ ಎಂಬ ದೊಡ್ಡ ಬ್ಯಾಂಕು ಮುಳುಗಿ ಇನ್ನೂ ವರ್ಷವಾಗಿರಲಿಲ್ಲ, ಊರೂರಲ್ಲೂ ಕೆಲಸ ಹೋಗುತ್ತಿದ್ದ ಕಾಲ. ಶೇ. 63 ಜನ ಸೈ ಅಂದರು. ಅದರಲ್ಲಿ ಸಭಾಂಗಣ ಇತ್ತು, ಬಸ್ಸುಗಳ ಡಿಪೋ ಇತ್ತು, ಇಲ್ಲ ಅನ್ನಲ್ಲ. ಆದರೆ 6 ಕೋಟಿ ಡಾಲರ್ ಹೋಗಿದ್ದು ಫುಟ್‌ಬಾಲ್ ಸ್ಟೇಡಿಯಂಗೆ. 18,000 ಸೀಟು. ಹೈಸ್ಕೂಲು ಕಣ್ರೀ, ಹೈಸ್ಕೂಲು!

2012ರ ಆಗಸ್ಟಿನಲ್ಲಿ ಜರ್ಬಾಗಿ ಉದ್ಘಾಟನೆ ಆಯಿತು. 2014ರ ಫೆಬ್ರವರಿಯಲ್ಲಿ ಬೀಗ ಬಿತ್ತು. ಕಾಂಕ್ರೀಟ್ ಬಿರುಕು ಬಿಟ್ಟಿತ್ತು. ರಿಪೇರಿ ಮುಗಿದು ಮತ್ತೆ ಬಾಗಿಲು ತೆರೆದದ್ದು 2015ರಲ್ಲಿ. ಪಾಪ, ನಡುವಿನ 2014ರ ಸೀಸನ್ ಪೂರ್ತಿ ಅಲೆನ್ ಹುಡುಗರು ಬೇರೆಯವರ ಮೈದಾನದಲ್ಲಿ ಆಡಬೇಕಾಯಿತು. ಆಡಿದರು. ಆಡಿ ರಾಜ್ಯ ಚಾಂಪಿಯನ್ ಆದರು! ಆ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಆಟ ನಡೆಸುವ ಆಟಗಾರ, ಕೈಲರ್ ಮರ್ರಿ ಮುಂದೆ ವೃತ್ತಿಪರ ಫುಟ್‌ಬಾಲಿನಲ್ಲಿ ದೊಡ್ಡ ಹೆಸರಾದ. ಅಲೆನ್ ಶಾಲೆಗೆ ಅವನು ಮುಂದಾಳಾಗಿ ಆಡಿದ 42 ಪಂದ್ಯಗಳಲ್ಲಿ 42ನ್ನೂ ತಂಡ ಗೆದ್ದಿತು. ಸ್ಟೇಡಿಯಂ ಇದ್ದಾಗಲೂ ಗೆದ್ದರು, ಇಲ್ಲದಾಗಲೂ ಗೆದ್ದರು. 6 ಕೋಟಿ ಡಾಲರನ್ನು ಒಂದು ವರ್ಷ ಪಕ್ಕಕ್ಕಿಟ್ಟು ನೋಡಿದರೂ ಫಲಿತಾಂಶ ಬದಲಾಗಲಿಲ್ಲ. ಇಷ್ಟು ಅಚ್ಚುಕಟ್ಟಾದ ಪ್ರಯೋಗ ಯಾವ ಹೈಸ್ಕೂಲಿನ ಲ್ಯಾಬಿನಲ್ಲೂ ನಡೆದಿರಲಿಕ್ಕಿಲ್ಲ.

ಈ ಪ್ರಯೋಗದಿಂದ ಪಕ್ಕದ ಊರು ಮೆಕಿನ್ನಿ ಏನು ಕಲಿಯಿತು? 2016ರಲ್ಲಿ ಮತ ಹಾಕಿ ತಾನೂ ಒಂದು ಸ್ಟೇಡಿಯಂ ಕಟ್ಟಿಸಿತು. ಇದರ ಖರ್ಚು ಸುಮಾರು 7 ಕೋಟಿ ಡಾಲರ್. ಅಲೆನ್‌ಗಿಂತ ಒಂದು ಕೈ ಮೇಲಿರಬೇಕಲ್ಲ. 2018ರಲ್ಲಿ ಅದನ್ನು ತೆರೆಯುವ ಮೊದಲೇ ಕಾಂಕ್ರೀಟಿನಲ್ಲಿ ಬಿರುಕು ಕಂಡಿತು. ಆ ವಿಷಯದಲ್ಲೂ ಅಲೆನ್‌ಗಿಂತ ಮುಂದೆ.

ಸೂರಿನ ತಪ್ಪು ಒಂದೇ. ರಿಪೇರಿಯಾದ ಸೂರನ್ನು ಯಾರೂ ತಲೆಯೆತ್ತಿ ನೋಡಲ್ಲ. ಬದಲಾಯಿಸಿದ ಚರಂಡಿ ಪೈಪಿನ ಮುಂದೆ ನಿಂತು ರಿಬ್ಬನ್ ಕತ್ತರಿಸಿ, ಬ್ಯಾಂಡು ಬಾರಿಸಿ, ಫೋಟೊ ತೆಗೆಸಿಕೊಳ್ಳುವವರು ಯಾರು? ಶುಕ್ರವಾರ ರಾತ್ರಿಯ ಪಂದ್ಯಕ್ಕೆ ಊರಿಗೆ ಊರೇ ಬಂದು ಕೂತು ಕೇಕೆ ಹಾಕೋದು ಪೈಪಿಗಲ್ಲ. ಟೆಕ್ಸಸ್ ಶಾಸಕರಿಗೂ ಇದು ಕೊನೆಗೆ ಗೊತ್ತಾಯಿತು ಅನ್ನಿ. 2019ರ ಇನ್ನೊಂದು ಕಾನೂನಿನಂತೆ ದೊಡ್ಡ ಸ್ಟೇಡಿಯಂ, ಈಜುಕೊಳ ಇಂಥವೆಲ್ಲ ಈಗ ಮತಪತ್ರದಲ್ಲಿ ಬೇರೆ ಬೇರೆಯಾಗಿ ನಿಲ್ಲಬೇಕು. ತರಗತಿ ಕೋಣೆಯ ಬೆನ್ನ ಹಿಂದೆ ಅವಿತು ಗೆಲ್ಲುವಂತಿಲ್ಲ. ಇದು ಒಳ್ಳೆಯ ಕಾನೂನು, ಮೆಚ್ಚಬೇಕು. ಆದರೆ ಅದೇ ಏಟಿಗೆ ಮಕ್ಕಳ ಕಂಪ್ಯೂಟರುಗಳನ್ನೂ ಸ್ಟೇಡಿಯಂ ಜೊತೆ ಆರೋಪಿಗಳ ಸಾಲಿಗೆ ನಿಲ್ಲಿಸಿದರು.

ಗೆದ್ದ ದುಡ್ಡಿಗೂ ಒಂದು ಷರತ್ತಿದೆ. ಬಾಂಡಿನ ಹಣ ಗೋಡೆಗೆ, ಸೂರಿಗೆ, ಬಸ್ಸಿಗೆ. ಮೇಷ್ಟ್ರ ಸಂಬಳಕ್ಕೆ ಅದರಿಂದ ಒಂದು ಸೆಂಟೂ ತೆಗೆಯುವಂತಿಲ್ಲ. ಹೊಸ ಕೆಮಿಸ್ಟ್ರಿ ಲ್ಯಾಬು ಥಳಥಳ ಹೊಳೆಯುತ್ತಿದೆ, ಕೆಮಿಸ್ಟ್ರಿ ಹೇಳಿಕೊಡುವವರಿಲ್ಲ ಅನ್ನೋ ಪರಿಸ್ಥಿತಿ ಕಾನೂನುಬದ್ಧವಾಗಿಯೇ ಬರಬಹುದು.

ಕ್ಯಾಲಿಫೋರ್ನಿಯಾದವರ ಲೀಲೆ ಬೇರೆ ಥರ. 1978ರಲ್ಲಿ ಅಲ್ಲಿನ ಮತದಾರರು ‘ಪ್ರಾಪೊಸಿಷನ್ 13’ ಎಂಬ ಪ್ರಸ್ತಾವ ಗೆಲ್ಲಿಸಿ ಆಸ್ತಿ ತೆರಿಗೆಗೆ ಮೂಗುದಾರ ಹಾಕಿದರು. ಅಲ್ಲಿ ಆ ಸಂಖ್ಯೆ ಹೇಳಿದರೆ ಸಾಕು, ತೆರಿಗೆ ಜಗಳ ನೆನಪಾಗುತ್ತದೆ. 2020ರ ಮಾರ್ಚಿನಲ್ಲಿ ಶಾಲಾ ಕಟ್ಟಡಗಳಿಗೆ 1,500 ಕೋಟಿ ಡಾಲರ್ ಸಾಲ ಕೇಳುವ ಪ್ರಸ್ತಾವ ಮತಪತ್ರಕ್ಕೆ ಬಂತು. ಅದಕ್ಕೆ ಸಿಕ್ಕ ಸಂಖ್ಯೆ? 13. ಸೋತಿತು. ನಮ್ಮ ಕಡೆಯ ಜೋಯಿಸರನ್ನು ಒಂದು ಮಾತು ಕೇಳಿದ್ದರೆ ಬೇರೆ ನಂಬರ್ ಹೇಳುತ್ತಿದ್ದರು.

ಗೆದ್ದವರ ಕಥೆ ಇನ್ನೂ ಚೆನ್ನಾಗಿದೆ. ಸ್ಯಾನ್ ಡಿಯೇಗೊ ಪಕ್ಕದ ಪೋವೇ ಸ್ಕೂಲ್ ಡಿಸ್ಟ್ರಿಕ್ಟ್ 2008ರಲ್ಲಿ ತೆರಿಗೆ ದರ ಏರಿಸಲ್ಲ ಅಂತ ಮಾತು ಕೊಟ್ಟು ಗೆದ್ದಿತು. ಕೊಟ್ಟ ಮಾತು ಉಳಿಸಿಕೊಳ್ಳಬೇಕಲ್ಲ? 2011ರಲ್ಲಿ ಸುಮಾರು 10.5 ಕೋಟಿ ಡಾಲರ್ ಸಾಲ ತಂದು, ಎರಡು ದಶಕ ಏನೂ ಕಟ್ಟದ ಹಾಗೆ ಬರೆಸಿಕೊಂಡಿತು. ಕಂತು ಶುರುವಾಗೋದು 2033ರಲ್ಲಿ, ಮುಗಿಯೋದು 2051ರಲ್ಲಿ. ಒಟ್ಟು ಕಟ್ಟಬೇಕಾದದ್ದು ಸುಮಾರು 98 ಕೋಟಿ ಡಾಲರ್. ಒಂದಕ್ಕೆ ಒಂಬತ್ತು. ನಮ್ಮ ಮೀಟರ್ ಬಡ್ಡಿಯವರು ಕೂಡ ಇಷ್ಟು ತಾಳ್ಮೆಯಿಂದ ಕಾಯಲಾರರು. 2008ರಲ್ಲಿ ಒಂದನೇ ಕ್ಲಾಸಿನಲ್ಲಿದ್ದ ಮಗು ಕೊನೆ ಕಂತಿನ ಹೊತ್ತಿಗೆ ಐವತ್ತರ ಹೊಸ್ತಿಲಲ್ಲಿರುತ್ತದೆ. ಈ ಗಲಾಟೆ ಸುದ್ದಿಯಾದ ಮೇಲೆ 2013ರಲ್ಲಿ ರಾಜ್ಯ ಒಂದು ಕಾನೂನು ತಂದಿತು. ಇನ್ನು ಮೇಲೆ ಅಸಲಿನ ನಾಲ್ಕು ಪಟ್ಟಿಗಿಂತ ಜಾಸ್ತಿ ಕಟ್ಟುವ ಬಾಂಡ್ ಮಾರುವಂತಿಲ್ಲ. ನಾಲ್ಕು ಪಟ್ಟು ಅಂದರೆ ಈಗ ಮಿತವ್ಯಯ.

ಕೊನೆಗೆ, ಈ ಸಾಲಕ್ಕೆ ಹೂಂ ಅನ್ನೋರು ಯಾರು, ದುಡ್ಡು ಕಟ್ಟೋರು ಯಾರು? ಟೆಕ್ಸಸ್‌ಗೇ ವಾಪಸ್ ಬರೋಣ. ಮೇ ತಿಂಗಳ ಶನಿವಾರದ ಮತದಾನಕ್ಕೆ ಊರಿನ ಬಹುಪಾಲು ಜನ ಮಗ್ಗುಲು ಬದಲಿಸಿ ಮಲಗಿರುತ್ತಾರೆ. ತಪ್ಪದೆ ಬರುವವರಲ್ಲಿ ಹಿರಿಯರೇ ಹೆಚ್ಚು. ಅಲ್ಲಿ 65 ದಾಟಿದವರ ವಾಸದ ಮನೆಗೆ ಶಾಲಾ ತೆರಿಗೆಯ ಮಿತಿ ಇದೆ. ಮನೆಗೆ ಹೊಸ ಕೋಣೆ ಗೀಣೆ ಸೇರಿಸದಿದ್ದರೆ, ಬಾಂಡ್ ಗೆದ್ದರೂ ಅವರು ಕಟ್ಟುವ ಮೊತ್ತ ಆ ಮಿತಿ ದಾಟಲ್ಲ.

ದಾಟೋದು ಯಾರದ್ದು? ಪ್ಲೇನೊ, ಫ್ರಿಸ್ಕೊ, ಅಲೆನ್ ಕಡೆ ಬೆಂಗಳೂರು, ಮೈಸೂರಿನಿಂದ ಹೋಗಿ ಮನೆ ಕೊಂಡವರಿದ್ದಾರೆ. ಯಾಕೆ ಅಲ್ಲೇ ಕೊಂಡ್ರಿ ಅಂದರೆ ಮೊದಲ ಉತ್ತರ ‘ಸ್ಕೂಲ್ ಡಿಸ್ಟ್ರಿಕ್ಟ್ ಚೆನ್ನಾಗಿದೆ’. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಅದರ ಸೇಡನ್ನು ಆಸ್ತಿ ತೆರಿಗೆ ತೀರಿಸಿಕೊಳ್ಳುತ್ತದೆ, ಅದರಲ್ಲಿ ದೊಡ್ಡ ಪಾಲು ಶಾಲೆಗೇ. ಆದರೆ ಎಚ್-1ಬಿ ವೀಸಾದವರಿಗೆ ಮತ ಇಲ್ಲ. ಗ್ರೀನ್ ಕಾರ್ಡ್ ಬಂದರೂ ಇಲ್ಲ, ಪೌರತ್ವವೇ ಬೇಕು. ಗ್ರೀನ್ ಕಾರ್ಡಿಗೆ ಭಾರತೀಯರು ನಿಂತಿರುವ ಸಾಲಿನ ಉದ್ದ ನೋಡಿದರೆ, ಮಗಳು ಒಂದನೇ ಕ್ಲಾಸಿಗೆ ಸೇರಿದಾಗ ನಿಂತ ಅಪ್ಪ ಅವಳು ಹೈಸ್ಕೂಲು ಮುಗಿಸಿದರೂ ಅಲ್ಲೇ ನಿಂತಿರಬಹುದು. ಅಂಥ ಮನೆಗೂ ಬಾಂಡಿನ ಮಾಹಿತಿ ಪತ್ರ ಬಣ್ಣ ಬಣ್ಣವಾಗಿ ಅಂಚೆಯಲ್ಲಿ ಬಂದು ಬೀಳುತ್ತದೆ. ಹೆಂಡತಿ ಬಿಡಿಸಿ ಓದುತ್ತಾರೆ.

‘ರೀ, ಸ್ಕೂಲಿಗೆ ಬಾಂಡ್ ಎಲೆಕ್ಷನ್ ಅಂತೆ. ಪಕ್ಕದ ಮನೆಯವರು ಬೇಡ ಅನ್ನೋ ಕಡೆ ಅಂತೆ. ನಾವು ಯಾವ ಕಡೆ?’

‘ನಾವು ಕಟ್ಟೋ ಕಡೆ ಕಣೇ.’