ಮೇಲಿನವರ ಸಿಟ್ಟು, ಕೆಳಗಿನವರಿಗೆ ತರಬೇತಿ

ನಮ್ಮ ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಹೊನಗಾ ಕಡೆ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡುವವರಿಗೆ ಈ ದೃಶ್ಯ ಹೊಸದಲ್ಲ. ಪುಣೆಯಿಂದಲೋ ಹುಬ್ಬಳ್ಳಿಯಿಂದಲೋ ಒಬ್ಬ ಟ್ರೈನರ್ ಬರುತ್ತಾರೆ. ಪ್ರೊಜೆಕ್ಟರ್, ಚಹಾ, ಬಿಸ್ಕೀಟು, ಮಧ್ಯಾಹ್ನ ಪುಲಾವು. ವಿಷಯ ಇಮೋಷನಲ್ ಇಂಟೆಲಿಜೆನ್ಸ್, ಅಂದರೆ ತನ್ನ ಮತ್ತು ಎದುರಿನವರ ಭಾವನೆ ಅರಿತು ನಡೆಯುವ ಬುದ್ಧಿ. ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಎಳೆದುಕೊಳ್ಳಿ ಅನ್ನುತ್ತಾರೆ. ರಾತ್ರಿ ಪಾಳಿ ಮುಗಿಸಿ ಬಂದ ಫೆಟ್ಲಿಂಗ್ (ಎರಕ ಉಜ್ಜಿ ಚೊಕ್ಕ ಮಾಡುವ) ಹುಡುಗರು ಕಣ್ಣು ಮುಚ್ಚಿದವರು ಹಾಗೇ ನಿದ್ದೆ ಹೋಗುತ್ತಾರೆ. ಸಂಜೆ ಸರ್ಟಿಫಿಕೇಟು, ಗ್ರೂಪ್ ಫೋಟೊ, ಮುಗಿಯಿತು.

ಅದೆಲ್ಲ ಇರಲಿ, ನನ್ನ ತಕರಾರು ಬೇರೆ. ಆ ಕುರ್ಚಿಗಳಲ್ಲಿ ಕೂತಿರುವವರು ಯಾರು? ಆಪರೇಟರ್‌ಗಳು, ಹೆಲ್ಪರ್‌ಗಳು, ಸೂಪರ್‌ವೈಸರ್‌ಗಳು, ಮೊನ್ನೆ ಮೊನ್ನೆ ಸೇರಿದ ಡಿಪ್ಲೊಮಾ ಹುಡುಗರು. ಯಾರು ಇರುವುದಿಲ್ಲ? ಪ್ಲಾಂಟ್ ಹೆಡ್, ಮಾಲೀಕರು, ಮಾಲೀಕರ ಮಗ. ಅವರು ದೀಪ ಹಚ್ಚಲು ಬರುತ್ತಾರೆ. ನಾವೆಲ್ಲ ಒಂದೇ ಕುಟುಂಬ ಅಂತ ಎರಡು ಮಾತಾಡುತ್ತಾರೆ. ಆಮೇಲೆ ಫೋನ್ ಕಿವಿಗೆ ಹಚ್ಚಿಕೊಂಡು ಹೊರಗೆ ಹೋದರೆ ಮತ್ತೆ ಗ್ರೂಪ್ ಫೋಟೊಕ್ಕೇ ಹಾಜರು.

ಅಂದರೆ ಬೈಯುವವರು ಹೊರಗೆ, ಬೈಸಿಕೊಳ್ಳುವವರು ಒಳಗೆ. ಚೆನ್ನಾಗಿ ಬೈಸಿಕೊಳ್ಳುವುದು ಹೇಗೆ ಅಂತ ಇಡೀ ದಿನದ ಕ್ಲಾಸು!

ನಾನು ಇಲ್ಲಿನ ಫೌಂಡ್ರಿಗಳಲ್ಲಿ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗಳಲ್ಲಿ, ಕ್ವಾಲಿಟಿ ಕೆಲಸ ಮಾಡುತ್ತ ಬಂದವಳು. ನನ್ನ ಅನಿಸಿಕೆ ನೇರವಾಗಿ ಹೇಳಿಬಿಡುತ್ತೇನೆ. ಕೆಲಸದ ಜಾಗದಲ್ಲಿ ಈ ಬುದ್ಧಿ ಮೊದಲು ಬೇಕಾದದ್ದು ಅಧಿಕಾರ ಇರುವವರಿಗೆ. ಅವರು ಸಂತರಾಗಲಿ ಅಂತಲ್ಲ. ಅವರ ಸಿಟ್ಟಿಗೆ ಹೆದರಿ ಕೆಳಗಿನವರು ಬಾಯಿ ಮುಚ್ಚಿಕೊಂಡರೆ ಕೆಟ್ಟ ಸುದ್ದಿ ಮೇಲೆ ಬರುವುದು ನಿಂತುಹೋಗುತ್ತದೆ. ಆಮೇಲೆ ಅದು ಗಿರಾಕಿಯ ಕಡೆಯಿಂದ ಬರುತ್ತದೆ, ಬಿಲ್ ಸಮೇತ.

ಒಂದು ಪ್ರಸಂಗ ಹೇಳುತ್ತೇನೆ. ಫೌಂಡ್ರಿ ಗೊತ್ತಿಲ್ಲದವರಿಗೆ ಮೊದಲು ಸ್ವಲ್ಪ ಹಿನ್ನೆಲೆ. ಎರಕದ ವಸ್ತುವಿನ ಒಳಗೆ ಟೊಳ್ಳು ಬೇಕಾದರೆ, ಆ ಟೊಳ್ಳಿನ ಆಕಾರದ್ದೇ ಒಂದು ಮರಳಿನ ಕೋರ್ ಮಾಡಿ ಅಚ್ಚಿನೊಳಗೆ ಇಡುತ್ತಾರೆ. ಕೋರ್‌ಗೆ ವಾಶ್ ಅನ್ನುವ ತೆಳು ಲೇಪ ಹಚ್ಚಿ ಓವನ್‌ನಲ್ಲಿ ಒಣಗಿಸುತ್ತಾರೆ. ಅದು ಹಸಿಯಾಗಿ ಉಳಿದರೆ ಕಥೆ ಮುಗಿಯಿತು. ಸುಮಾರು 1,400 ಡಿಗ್ರಿಯ ಕರಗಿದ ಕಬ್ಬಿಣ ಸುರಿದ ತಕ್ಷಣ ಆ ಪಸೆ ಆವಿಯಾಗುತ್ತದೆ. ಹೊರಗೆ ಹೋಗಲು ದಾರಿ ಸಿಗದಿದ್ದರೆ ಲೋಹದೊಳಗೇ ಗುಳ್ಳೆಯಾಗಿ ಕೂತುಬಿಡುತ್ತದೆ. ನಾವು ಬ್ಲೋ ಹೋಲ್ ಅನ್ನುವುದು ಅದಕ್ಕೇ. ದೊಡ್ಡ ತಲೆನೋವು ಏನೆಂದರೆ, ಎಷ್ಟೋ ಬ್ಲೋ ಹೋಲ್‌ಗಳು ಮೇಲಿನಿಂದ ಕಾಣುವುದೇ ಇಲ್ಲ. ಪೀಸ್ ನೋಡಲು ಚೊಕ್ಕವಾಗಿರುತ್ತದೆ. ಗಿರಾಕಿ ಅದನ್ನು ಮಶೀನಿಗೆ ಹಾಕಿ ಒಂದು ಪದರ ಕೆತ್ತಿದಾಗ ಬಣ್ಣ ಬಯಲಾಗುತ್ತದೆ.

ಬೆಳಗಾವಿ ಮಳೆ ನಿಮಗೆ ಗೊತ್ತಲ್ವಾ? ಜುಲೈ ಬಂತೆಂದರೆ ರ್‍ಯಾಕ್ ಮೇಲೆ ಸುಮ್ನೆ ಇಟ್ಟ ಕೋರ್ ಕೂಡ ಗಾಳಿಯಿಂದಲೇ ಪಸೆ ಎಳೆದುಕೊಳ್ಳುತ್ತದೆ. ಅಂಥ ಒಂದು ರಾತ್ರಿ ಪಾಳಿಯಲ್ಲಿ ಓವನ್ ಸರಿಯಾಗಿ ಕಾಯುತ್ತಿರಲಿಲ್ಲ. ಕೋರ್ ಶಾಪಿನ ಆಪರೇಟರ್ ಖಾನಾಪುರ ಕಡೆಯವನು, ಕಸುಬಿನಲ್ಲಿ ಪಳಗಿದ ಕೈ. ಬೆರಳಿನಿಂದ ತಟ್ಟಿದರೆ ಸದ್ದಿನಲ್ಲೇ ಹಸಿ ಯಾವುದು, ಒಣಗಿದ್ದು ಯಾವುದು ಅಂತ ಹೇಳುವವನು. ಅವತ್ತೂ ತಟ್ಟಿ ನೋಡಿದ್ದಾನೆ. ಯಾರಿಗೂ ಏನೂ ಹೇಳಿಲ್ಲ. ಕೋರ್‌ಗಳು ಅಚ್ಚಿಗೆ ಹೋದವು, ಎರಕವಾಯಿತು, ಲಾಟ್ ಪುಣೆಗೆ ಹೊರಟಿತು.

ಕೆಲವು ದಿನ ಬಿಟ್ಟು ಗಿರಾಕಿಯಿಂದ ವಾಟ್ಸಾಪ್‌ನಲ್ಲಿ ಫೋಟೊ ಬಂತು. ಮಶೀನಿನಲ್ಲಿ ಕೊರೆದ ಜಾಗದಲ್ಲಿ ಸಾಸಿವೆ ಕಾಳಿನಷ್ಟು ತೂತುಗಳು. ಬೆಳಗಿನ ಮೀಟಿಂಗ್‌ನಲ್ಲಿ ಪ್ಲಾಂಟ್ ಹೆಡ್ ಸಾಹೇಬರು ಮೇಜು ಗುದ್ದಿದರು. ಯಾರ ಪಾಳಿ? ಯಾರು ಮಾಡಿದ್ದು? ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡು ನಿಂತರು. ಮರಳಿನ ಮೇಲೆ ಹಾಕಿದರು. ಮರಳು ಕೊಟ್ಟವನ ಮೇಲೆ ಹಾಕಿದರು. ಮಳೆಯ ಮೇಲೂ ಹಾಕಿದರು. ಓವನ್ ಸುದ್ದಿ ಒಬ್ಬರೂ ಎತ್ತಲಿಲ್ಲ.

ಮಧ್ಯಾಹ್ನ ಕ್ಯಾಂಟೀನ್ ಹಿಂದೆ ಆ ಆಪರೇಟರ್ ಒಬ್ಬನೇ ಚಹಾ ಕುಡಿಯುತ್ತಿದ್ದ. ಹೋಗಿ ಕೇಳಿದೆ.

"ನಿನಗ ಆವತ್ತ ರಾತ್ರಿನ ಗೊತ್ತಿತ್ತೇನಪಾ?"

"ಗೊತ್ತಿತ್ರೀ ಮೇಡಮ್ರ. ಕೋರ್ ಹಸಿ ಇದ್ದುವ್ರಿ."

"ಮತ್ಯಾಕ ಹೇಳ್ಲಿಲ್ಲ?"

"ಹೋದ ಸಲ ಓವನ್ ಕೆಟ್ಟೈತಿ ಅಂತ ಹೇಳಿದಾಂವ ನಾನ ರೀ. 'ನೀ ಯಾವಾಗ ಇಂಜಿನಿಯರ್ ಆದ್ಯೋ?' ಅಂದ್ರು ಸಾಹೇಬ್ರು, ಎಲ್ಲಾರ ಮುಂದ. ಎಲ್ಲಾರೂ ನಕ್ರು. ಇನ್ನ ನನಗ್ಯಾಕ ಬೇಕ್ರಿ ಊರ ಉಸಾಬರಿ?"

ಈಗ ಲೆಕ್ಕ ಹಾಕಿ. ಕರಗಿಸಿದ ಲೋಹ, ಕರೆಂಟು, ಹೋಗುವ ಬರುವ ಲಾರಿ ಬಾಡಿಗೆ. ಮೇಲಿಂದ ಗಿರಾಕಿ ತನ್ನ ಮಶೀನಿಂಗ್ ಖರ್ಚನ್ನೂ ಸೇರಿಸಿ ಡೆಬಿಟ್ ನೋಟ್, ಅಂದರೆ ನಷ್ಟ ವಸೂಲಿಯ ಚೀಟಿ, ಕಳಿಸುತ್ತಾನೆ. ಆ ಡೆಬಿಟ್ ನೋಟಿನಲ್ಲಿ ಎಲ್ಲದಕ್ಕೂ ಒಂದೊಂದು ಸಾಲು ಇತ್ತು. ಹಿಂದೊಮ್ಮೆ ನಾಲ್ಕು ಜನರ ಮುಂದೆ ಆಡಿದ ಆ ಒಂದು ಕುಹಕದ ಮಾತಿಗೆ ಮಾತ್ರ ಸಾಲು ಇರಲಿಲ್ಲ.

ಆ ಸಾಹೇಬರು ಕೆಟ್ಟವರಾ? ಅಲ್ಲವೇ ಅಲ್ಲ. ಹುಡುಗರ ಮನೆಯ ಮದುವೆಗೆ ತಪ್ಪದೇ ಹೋಗುತ್ತಾರೆ. ಆಸ್ಪತ್ರೆ ಖರ್ಚಿಗೆ ಮುಂಗಡ ಕೊಡಿಸುತ್ತಾರೆ. ನಮ್ಮ ಕಡೆ ಇಂಥವರ ಬಗ್ಗೆ, ಬಾಯಿ ಅಷ್ಟ ಜೋರು, ಮನಸು ಭಾಳ ಛಲೋ ಅಂತ ಹೇಳಿ ಮಾಫಿ ಮಾಡಿಬಿಡುತ್ತೇವೆ. ನನಗೆ ಈ ಮಾಫಿ ಒಪ್ಪಿಗೆಯಿಲ್ಲ. ರಾತ್ರಿ ಎರಡು ಗಂಟೆಗೆ ಕೋರ್ ರ್‍ಯಾಕ್ ಮುಂದೆ ನಿಂತು, ಹೇಳಲೋ ಬೇಡವೋ ಅಂತ ಯೋಚಿಸುವವನಿಗೆ ಸಾಹೇಬರ ಮನಸ್ಸು ಕಾಣುವುದಿಲ್ಲ. ಬಾಯಿಯೇ ನೆನಪಾಗುತ್ತದೆ.

ಇದು ನಮ್ಮ ಊರಿನ ಕಥೆ ಮಾತ್ರ ಅಂದುಕೊಳ್ಳಬೇಡಿ. ಹಾರ್ವರ್ಡ್‌ನ ಪ್ರೊಫೆಸರ್ ಎಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡುತ್ತಿದ್ದರು. ಒಳ್ಳೆಯ ಹೊಂದಾಣಿಕೆ ಇರುವ ತಂಡದಲ್ಲಿ ತಪ್ಪು ಕಡಿಮೆ ಇರಬೇಕು ಅನ್ನುವುದು ಅವರ ಅಂದಾಜು. ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ದಾಖಲಾದ ತಪ್ಪು ಜಾಸ್ತಿ! ಆಮೇಲೆ ಹೊಳೆದದ್ದು ಇದು: ಅವರು ತಪ್ಪು ಜಾಸ್ತಿ ಮಾಡುತ್ತಿರಲಿಲ್ಲ, ಆದ ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಮುಂದೆ ಒಂದು ಉತ್ಪಾದನಾ ಕಂಪನಿಯ 51 ತಂಡಗಳನ್ನು ನೋಡಿ 1999ರಲ್ಲಿ ಪ್ರಬಂಧ ಪ್ರಕಟಿಸಿದರು. ಅಲ್ಲೂ ಅದೇ ದಾರಿಯ ಉತ್ತರ. ಹೆದರಿಕೆಯಿಲ್ಲದೆ ಮಾತಾಡಬಹುದು ಅನ್ನಿಸಿದ ತಂಡಗಳು ಜಾಸ್ತಿ ಕಲಿಯುತ್ತವೆ, ಕೆಲಸವೂ ಚೆನ್ನಾಗಿ ನಡೆಯುತ್ತದೆ.

ಟ್ರೈನರ್‌ಗಳು ಹೇಳುವ ಆ ದೊಡ್ಡ ಹೆಸರಿನ ವಿಷಯದ ಮೂಲವನ್ನೂ ಸ್ವಲ್ಪ ನೋಡಿ. 1990ರಲ್ಲಿ ಪೀಟರ್ ಸಾಲೊವೆ, ಜಾನ್ ಮೇಯರ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಇದರ ಬಗ್ಗೆ ಬರೆದರು. 1995ರಲ್ಲಿ ಡೇನಿಯಲ್ ಗೋಲ್ಮನ್ ಪುಸ್ತಕ ಬಂದ ಮೇಲೆ ಕಂಪನಿಗಳಿಗೆಲ್ಲ ಹಬ್ಬಿತು. ತನ್ನೊಳಗೆ ಏನಾಗುತ್ತಿದೆ, ಎದುರಿನವನಿಗೆ ಏನಾಗುತ್ತಿದೆ ಅಂತ ಗುರುತಿಸಿ, ಅದನ್ನು ಲೆಕ್ಕಕ್ಕೆ ತಗೊಂಡು ಮುಂದಿನ ಹೆಜ್ಜೆ ಇಡುವುದು. ಮೂಲದಲ್ಲಿ ಇರುವುದು ಇಷ್ಟು. 'ಮೇಲಿನವರು ಏನೇ ಅಂದರೂ ನಗುತ್ತ ಇರು' ಅನ್ನುವುದು ಎಲ್ಲಿಂದ ಬಂದು ಸೇರಿಕೊಂಡಿತೋ ದೇವರಿಗೇ ಗೊತ್ತು.

ಹಾಗಂತ ಸಾಹೇಬರು ಸಿಟ್ಟು ನುಂಗಿಕೊಂಡು ಕೂರಲಿ ಅಂತಲೂ ನಾನು ಹೇಳುತ್ತಿಲ್ಲ. ಸ್ಟ್ಯಾನ್‌ಫರ್ಡ್‌ನ ಜೇಮ್ಸ್ ಗ್ರಾಸ್ ಮತ್ತು ಅವರ ಜೊತೆಯವರ ಪ್ರಯೋಗಗಳಲ್ಲಿ, ಭಾವನೆಯನ್ನು ಮುಖದ ಮೇಲೆ ತೋರಿಸದೆ ತಡೆಹಿಡಿದವರ ಒಳಗಿನ ತಳಮಳ ಕಡಿಮೆಯಾಗಲಿಲ್ಲ. ಸಾಲದ್ದಕ್ಕೆ ಆ ಹೊತ್ತಿನಲ್ಲಿ ನಡೆದ ಮಾತು ಅವರ ನೆನಪಿನಲ್ಲೂ ಸರಿಯಾಗಿ ಉಳಿಯಲಿಲ್ಲ. ನನಗೂ ಅನುಭವ ಇದೆ. ಹಲ್ಲು ಕಚ್ಚಿಕೊಂಡು ಶಾಂತವಾಗಿ ಕೂತ ಬಾಸ್ ನಾವು ಹೇಳಿದ ಅರ್ಧ ಕೇಳಿಸಿಕೊಂಡಿರುವುದಿಲ್ಲ. ಇಂಥವರಿಗಿಂತ ಕೂಗಾಡುವವರೇ ಎಷ್ಟೋ ವಾಸಿ, ಕನಿಷ್ಠ ಏನು ನಡೀತಿದೆ ಅಂತ ಗೊತ್ತಾಗುತ್ತದೆ.

ಮಚ್ಛೆ ಕಡೆ ನನಗೆ ಪರಿಚಯದ ಮ್ಯಾನೇಜರ್ ಒಬ್ಬರಿದ್ದಾರೆ, ಮರಾಠಿ ಮನೆಮಾತಿನವರು. ರಿಜೆಕ್ಷನ್ ಬಂದ ದಿನ ಅವರು ಮಾಡುವುದು ನೋಡಬೇಕು. ಮೊದಲು ಯಾರನ್ನೂ ಕರೆಯುವುದಿಲ್ಲ. ವಾಪಸ್ ಬಂದ ಪೀಸ್ ತರಿಸಿಕೊಂಡು, ಮೇಜಿನ ಮೇಲೆ ಪೇಪರ್ ಹಾಸಿ ಇಟ್ಟು, ಕನ್ನಡಕ ಹಣೆಗೆ ಏರಿಸಿ, ಟಾರ್ಚ್ ಹಿಡಿದು ನೋಡುತ್ತಾರೆ. ಫೋರ್‌ಮನ್ ಬಂದು ನಿಂತರೆ, "ನನಗ ಈಗ ಸಿಟ್ಟ ಬಂದೈತಿ. ಅರ್ಧಾ ತಾಸ ಬಿಟ್ಟ ಮಾತಾಡೂಣು. ಅಷ್ಟರಾಗ ಹೀಟ್ ನಂಬರ್ ತಗದ ಇಡು" ಅನ್ನುತ್ತಾರೆ. ಸಿಟ್ಟು ಬಂದಿದೆ ಅಂತ ತಾವೇ ಬಾಯಿಬಿಟ್ಟು ಹೇಳುವುದು ಮೊದಮೊದಲು ಹುಡುಗರಿಗೆ ತಮಾಷೆಯಾಗಿ ಕಂಡಿತ್ತಂತೆ. ಆದರೆ ಅರ್ಧ ತಾಸಿನಲ್ಲಿ ಹೀಟ್ ನಂಬರು (ಯಾವ ಸಲ ಕರಗಿಸಿದ ಲೋಹ ಅನ್ನುವ ಗುರುತು), ಮರಳಿನ ರಿಪೋರ್ಟು, ಯಾವ ಓವನ್, ಎಷ್ಟು ಹೊತ್ತು ಎಲ್ಲ ಮೇಜಿನ ಮೇಲೆ ಇರುತ್ತದೆ. ಅವರ ಮೊದಲ ಪ್ರಶ್ನೆ ಎಂದೂ 'ಯಾರು' ಅಲ್ಲ. 'ಯಾವ ಹೊತ್ತಿಗೆ, ಏನು ಬದಲಾಗಿತ್ತು' ಅಂತ ಶುರು ಮಾಡುತ್ತಾರೆ. 'ಯಾರು' ಅನ್ನುವುದು ಕೊನೆಗೆ ತಾನಾಗೇ ಹೊರಗೆ ಬರುತ್ತದೆ. ಎಷ್ಟೋ ಸಲ ಆ ಮನುಷ್ಯನೇ, ನಾನ ರೀ ಅಂತ ಮುಂದೆ ಬರುತ್ತಾನೆ.

ಅಂದಹಾಗೆ, ಭಾವನೆಗೆ ಹೆಸರು ಕೊಟ್ಟು ಹೇಳಿದರೆ ಅದರ ಕಾವು ಸ್ವಲ್ಪ ಇಳಿಯುತ್ತದೆ ಅನ್ನುವುದನ್ನು ಮ್ಯಾಥ್ಯೂ ಲೀಬರ್‌ಮನ್ ಅನ್ನುವವರ ತಂಡ 2007ರಲ್ಲಿ ಮಿದುಳಿನ ಸ್ಕ್ಯಾನ್ ಮಾಡಿಯೇ ತೋರಿಸಿದೆ. ಮಚ್ಛೆಯ ಸಾಹೇಬರು ಅದನ್ನೆಲ್ಲ ಓದಿದವರಲ್ಲ.

ಇಲ್ಲಿ ಮಾಲೀಕರು ಒಂದು ಮಾತು ಹೇಳುತ್ತಾರೆ. "ಮೇಡಮ್ರ, ಇದು ಫೌಂಡ್ರಿ. ಇಲ್ಲಿ ಬೈದ್ರನ ಕೆಲಸ." ಅರ್ಧ ನಿಜ. ಯಾರಾದರೂ ಹಸಿ ಸ್ಕ್ರ್ಯಾಪನ್ನು ಫರ್ನೇಸಿಗೆ ಹಾಕಲು ಹೊರಟರೆ ಮೃದುವಾಗಿ ಮಾತಾಡುತ್ತ ನಿಲ್ಲಲು ಆಗುವುದಿಲ್ಲ. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಕರಗಿದ ಲೋಹದ ಕೆಳಗೆ ಅದು ಸಿಕ್ಕರೆ ಸ್ಫೋಟವೇ. ಅಲ್ಲಿ ಕಿರುಚಬೇಕು, ಕೈ ಹಿಡಿದು ಎಳೆಯಬೇಕು. ಅದಕ್ಕೆ ಯಾವ ಹುಡುಗನೂ ಬೇಜಾರು ಮಾಡಿಕೊಂಡದ್ದನ್ನು ನಾನು ನೋಡಿಲ್ಲ. ತನ್ನ ಜೀವ ಉಳಿಸಲು ಕಿರುಚಿದರು ಅಂತ ಅವನಿಗೆ ಗೊತ್ತು. ಹೋದ ವಾರದ ರಿಜೆಕ್ಷನ್‌ಗೆ ಇವತ್ತು ಎಲ್ಲರ ಮುಂದೆ ಅವನ ಓದು, ಊರು, ಅಪ್ಪ ಎಲ್ಲವನ್ನೂ ಎಳೆದು ತರುವುದು ಬೇರೆ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಶಾಪ್‌ಫ್ಲೋರಿನಲ್ಲಿ ಇನ್ನೊಂದು ತೊಡಕಿದೆ. ಸದ್ದು. ಎಲ್ಲರೂ ಕೂಗಿಯೇ ಮಾತಾಡಬೇಕು, ದನಿಯಿಂದ ಯಾರ ಮನಸ್ಸೂ ತಿಳಿಯುವುದಿಲ್ಲ. ಜೊತೆಗೆ ಕನ್ನಡದವರು, ಮರಾಠಿಯವರು, ಒಡಿಶಾ, ಬಿಹಾರದಿಂದ ಬಂದ ಹುಡುಗರು. ಹಿಂದಿಯಲ್ಲಿ ಅವರು 'ಠೀಕ್ ಹೈ' ಅಂದರೆ ಅದು ಹತ್ತು ಅರ್ಥದ 'ಠೀಕ್ ಹೈ'. ಹಾಗಾಗಿ ಒಳ್ಳೆಯ ಸೂಪರ್‌ವೈಸರ್‌ಗಳು ಬೇರೆ ಗುರುತು ಹಿಡಿಯುತ್ತಾರೆ. ದಿನಾ ನಾಲ್ಕು ಜನರ ಜೊತೆ ಬುತ್ತಿ ಬಿಚ್ಚುವವನು ಇವತ್ತು ಒಬ್ಬನೇ ಯಾಕೆ ಕೂತಿದ್ದಾನೆ? ಪಾಳಿ ಮುಗಿದರೂ ಈ ಹುಡುಗ ಮನೆಗೆ ಹೋಗಲು ಯಾಕೆ ಮೀನಮೇಷ ಎಣಿಸುತ್ತಿದ್ದಾನೆ? ಗ್ಲೌಸ್ ಹರಿದಿದ್ದರೂ ಹೊಸದು ಯಾಕೆ ಕೇಳಿಲ್ಲ? ಸ್ಟೋರ್ಸ್‌ನವನು ಬೈಯುತ್ತಾನೆ ಅಂತ ಹರಿದ ಗ್ಲೌಸ್‌ನಲ್ಲೇ ಬಿಸಿ ಪೀಸ್ ಎತ್ತುವವರಿದ್ದಾರೆ. ಇದನ್ನು ನೋಡುವ ಕಣ್ಣು ಯಾವ ಸ್ಲೈಡಿನಿಂದಲೂ ಬರುವುದಿಲ್ಲ. ನೆಲದ ಮೇಲೆ ಓಡಾಡಬೇಕು, ಕ್ಯಾಬಿನ್ನಿನ ಗಾಜಿನಿಂದ ನೋಡಿದರೆ ಹೆಲ್ಮೆಟ್ಟುಗಳಷ್ಟೇ ಕಾಣುತ್ತವೆ.

ಇನ್ನು ಹೆಣ್ಣುಮಕ್ಕಳ ವಿಷಯ. ಆಫೀಸಿನಲ್ಲಿ ಯಾರೋ ಜಗಳ ಆಡಿಕೊಂಡರೆ ಸಮಾಧಾನ ಮಾಡಲು ಯಾರನ್ನು ಕಳಿಸುತ್ತಾರೆ? ಎಚ್‌ಆರ್ ಹುಡುಗಿಯನ್ನು. ಸಿಟ್ಟಾದ ಗಿರಾಕಿಯ ಫೋನ್ ಯಾರಿಗೆ ಕೊಡುತ್ತಾರೆ? ರಿಸೆಪ್ಶನ್‌ನವಳಿಗೆ. "ನೀವಾದ್ರ ನೀಟಾಗಿ ಮಾತಾಡ್ತೀರಿ" ಅಂತ ಒಂದು ಹೊಗಳಿಕೆ ಬೇರೆ. ಸಂಬಳಕ್ಕಾಗಿ ನಗುವುದೂ ಸಮಾಧಾನ ಮಾಡುವುದೂ ದುಡಿಮೆಯೇ ಅಂತ ಆರ್ಲಿ ಹಾಕ್‌ಶೀಲ್ಡ್ ಅನ್ನುವ ಸಮಾಜಶಾಸ್ತ್ರಜ್ಞೆ 1983ರಲ್ಲೇ ಬರೆದಿದ್ದಾರೆ. ನಮ್ಮ ಅಪ್ರೈಸಲ್ ಫಾರ್ಮಿನಲ್ಲಿ ಅದಕ್ಕೊಂದು ಕಾಲಂ ಇಲ್ಲ. ಅದೇ ಹುಡುಗಿ ಒಂದು ದಿನ ದನಿ ಏರಿಸಿದರೆ, ಭಾಳ ಇಮೋಷನಲ್ ಆಗ್ತಾಳ ಅನ್ನುತ್ತಾರೆ. ಮೇಜು ಗುದ್ದಿದ ಸಾಹೇಬರನ್ನು ಹಾಗೆ ಕರೆದದ್ದು ನಾನಂತೂ ಕೇಳಿಲ್ಲ.

ಒಂದು ಎಚ್ಚರಿಕೆ. ಒಳ್ಳೆಯ ಮಾತನ್ನು ಸಂಬಳದ ಬದಲಿಗೆ ಕೊಡುವ ಕಂಪನಿಗಳೂ ಇವೆ. ಓಟಿಗೆ, ಅಂದರೆ ಹೆಚ್ಚುವರಿ ಹೊತ್ತಿನ ದುಡಿಮೆಗೆ, ಎರಡು ಪಟ್ಟು ದರ ಕೊಡಬೇಕು ಅಂತ ಕಾನೂನೇ ಹೇಳುತ್ತದೆ. ಅದನ್ನು ಕೊಡದೆ ಹೆಗಲ ಮೇಲೆ ಕೈ ಹಾಕಿ 'ಮನ್ಯಾಗ ಎಲ್ಲಾ ಆರಾಮ?' ಅಂತ ಕೇಳಿದರೆ ಕೆಲಸಗಾರ ಒಳಗೊಳಗೇ ನಗುತ್ತಾನೆ. ಮೊದಲು ಓಟಿ ಲೆಕ್ಕ ಚುಕ್ತಾ ಮಾಡಿ. ಆಮೇಲೆ ಆರಾಮ ಕೇಳಿ, ಖುಷಿಯಿಂದ ಹೇಳುತ್ತಾನೆ.

ಐಟಿಐ, ಡಿಪ್ಲೊಮಾ ಮುಗಿಸಿ ಈ ಕಡೆ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರು ಆಗಾಗ ಇನ್‌ಬಾಕ್ಸ್‌ನಲ್ಲಿ, ಯಾವ ಕಂಪನಿ ಛಲೋ ಅಂತ ಕೇಳುತ್ತಿರುತ್ತೀರಿ. ಹೆಸರು ಹೇಳುವುದಿಲ್ಲ. ಸೇರಿದ ಮೊದಲ ವಾರ ಶಿಫ್ಟ್ ರಿಜಿಸ್ಟರ್ ಕೇಳಿ ಪಡೆದು, ಹಿಂದಿನ ಮಳೆಗಾಲದ ಪುಟಗಳನ್ನು ತಿರುವಿ ನೋಡಿ. ಓವನ್ ಕಾಯಲಿಲ್ಲ, ಮರಳು ಹಸಿ, ಅಚ್ಚು ಒಡೆಯಿತು, ನಾನೇ ಬೀಳಿಸಿದೆ ಅಂತ ಸಹಿ ಸಮೇತ ಗೀಚಿ ಬರೆದ ಹೊಲಸು ಪುಟಗಳಿದ್ದರೆ ನೆಮ್ಮದಿಯಿಂದ ಕೆಲಸ ಕಲಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ಕೈಬರಹದಲ್ಲಿ 'ಎಲ್ಲಾ ಓಕೆ' ಅಂತಿದ್ದರೆ ಬಯೋಡೇಟಾ ಇನ್ನೂ ಎರಡು ಕಡೆ ಕಳಿಸಿ ಇಡಿ.