ಈ ನೋವನ್ನು ನಮ್ಮ ಊರಲ್ಲೂ ಲೆಕ್ಕಕ್ಕೆ ತಗೊಳ್ಳಿ

ಗಂಡಸರ ಒಂದು ನೋವಿನ ಬಗ್ಗೆ ನೇರವಾಗಿಯೇ ಬರೆಯುತ್ತಿದ್ದೇನೆ. ಹೆಂಗಸರೂ ಓದಿ, ನಿಮ್ಮ ಮನೆಯಲ್ಲೇ ಯಾರಿಗಾದರೂ ಇರಬಹುದು.

ಕಿಬ್ಬೊಟ್ಟೆಯಲ್ಲಿ, ಬೀಜದಲ್ಲಿ, ಅದರ ಹಿಂದಿನ ಜಾಗದಲ್ಲಿ ತಿಂಗಳುಗಟ್ಟಲೆ ನೋವು. ಮೂತ್ರಕ್ಕೆ ಹೋದರೆ ಉರಿ. ಡಾಕ್ಟರು ಇದನ್ನು ಕ್ರಾನಿಕ್ ಪ್ರಾಸ್ಟಟೈಟಿಸ್ ಅನ್ನುತ್ತಾರೆ, ಅಂದರೆ ಗಂಡಸರ ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಹೆಸರಿನಲ್ಲಿ ಕರೆಯುವ ಬಹುಕಾಲದ ನೋವು. ನಮ್ಮ ಮಂಡ್ಯದ ಕಡೆ ಉಷ್ಣ ಆಗಿದೆ ಅಂತ ಎಳನೀರು ಕುಡಿದು ಸುಮ್ಮನಾಗುತ್ತಾರೆ.

ನಮ್ಮ ಚಿಕ್ಕಪ್ಪ ವರ್ಷಗಟ್ಟಲೆ ಇದನ್ನು ಅನುಭವಿಸಿದರು. ಟ್ರ್ಯಾಕ್ಟರ್ ಸೀಟಿನ ಮೇಲೆ ಕೂರಲಾಗುತ್ತಿರಲಿಲ್ಲ. ಮೂತ್ರದಲ್ಲಿ ಬ್ಯಾಕ್ಟೀರಿಯಾ ಹುಡುಕುವ ಯೂರಿನ್ ಕಲ್ಚರ್ ಪರೀಕ್ಷೆಯಲ್ಲಿ ಏನೂ ಬರಲಿಲ್ಲ. ಆದರೂ ಒಂದು ಆಂಟಿಬಯೋಟಿಕ್ ಮುಗಿದರೆ ಇನ್ನೊಂದು. ಅದಕ್ಕಿಂತ ಜಾಸ್ತಿ ನೋಯಿಸಿದ್ದು ಜನರ ಬಾಯಿ. "ಎಲ್ಲೋ ಹೋಗಿ ಅಂಟಿಸ್ಕೊಂಡು ಬಂದವ್ನೆ" ಅಂದರು. ಆ ಮಾತು ಚಿಕ್ಕಮ್ಮನ ಕಿವಿಗೂ ಬಿತ್ತು. ಎಂಥ ಅನ್ಯಾಯ ಅಲ್ವಾ?

ಪ್ರಾಸ್ಟಟೈಟಿಸ್ ಇರುವ 100 ಜನರಲ್ಲಿ 90ಕ್ಕೂ ಹೆಚ್ಚು ಮಂದಿಯಲ್ಲಿ ಬ್ಯಾಕ್ಟೀರಿಯಾ ಸಿಗುವುದೇ ಇಲ್ಲ. ಒಬ್ಬರಿಗೆ ಸೊಂಟದ ತಳದ ಸ್ನಾಯು ಬಿಗಿದಿರುತ್ತದೆ, ಇನ್ನೊಬ್ಬರಿಗೆ ನರಗಳೇ ನೋವನ್ನು ಹೆಚ್ಚು ಮಾಡುತ್ತವೆ. ಬಿಗಿದ ಸ್ನಾಯುವಿಗೆ ಫಿಸಿಯೋಥೆರಪಿ ನೆರವಾಗಬಹುದು, ಆಂಟಿಬಯೋಟಿಕ್ ಅಲ್ಲ. (ಚಳಿಜ್ವರ ಬಂದರೆ ಇಲ್ಲವೇ ಮೂತ್ರ ಕಟ್ಟಿದರೆ ಅದು ಬೇರೆ ವಿಷಯ, ಅವತ್ತೇ ಆಸ್ಪತ್ರೆಗೆ ಹೋಗಿ.)

ಕೆಲವರ ಹುಟ್ಟಿನಲ್ಲೇ ಇದರ ಒಲವು ಇರಬಹುದು. ಇಂಟರ್‌ಲ್ಯೂಕಿನ್-10 ಉರಿಯೂತ ಅಡಗಿಸುವ ಪ್ರೋಟೀನು. ಅದನ್ನು ಕಡಿಮೆ ತಯಾರಿಸುವ ಜೀನ್ ಮಾದರಿ ಈ ನೋವಿರುವವರಲ್ಲಿ ಜಾಸ್ತಿ ಎಂದು 2002ರಲ್ಲಿ ಅಮೆರಿಕದ ಶೋಸ್ಕೆಸ್ ತಂಡ ಬರೆಯಿತು. ಸಣ್ಣ ಗುಂಪಿನ ಅಧ್ಯಯನ, ಅದೊಂದರಿಂದ ಏನೂ ತೀರ್ಮಾನ ಆಗುವುದಿಲ್ಲ. ರೋಗ ಹೇಳುವ ಜೀನ್ ಟೆಸ್ಟ್ ಅಂತೂ ಇನ್ನೂ ಇಲ್ಲ. ಯಾರಾದರೂ ಮಾರಲು ಬಂದರೆ ದುಡ್ಡು ಕೊಡಬೇಡಿ. ಆದರೂ ಈ ದಾರಿಯ ಸಂಶೋಧನೆ ನನಗೆ ದೊಡ್ಡದಾಗಿ ಕಾಣುತ್ತದೆ. ರಕ್ತದಲ್ಲೇ ಸುಳಿವು ಸಿಕ್ಕಿದರೆ ನಡತೆಯ ಮೇಲೆ ಗೂಬೆ ಕೂರಿಸುವವರು ಏನು ಹೇಳುತ್ತಾರೆ?

ಬೇಜಾರಿನ ಸಂಗತಿ, ಇಂಥ ಜೀನ್ ಅಧ್ಯಯನಗಳಲ್ಲಿ ಹೆಚ್ಚಿನವರು ಯುರೋಪ್ ಮೂಲದವರು. ಸೋದರಮಾವನಿಗೇ ಹೆಣ್ಣು ಕೊಡುವ ನಮ್ಮ ಕಡೆಯ ಮನೆತನಗಳ ಕಥೆ ಬೇರೆಯೇ ಇದ್ದೀತು. ಜೀನೋಮ್ ಇಂಡಿಯಾ ಎಂಬ ಸರ್ಕಾರಿ ಯೋಜನೆಯಲ್ಲಿ ಸುಮಾರು 10,000 ಭಾರತೀಯರ ಜೀನೋಮ್ (ಒಬ್ಬರ ಇಡೀ ಡಿಎನ್‌ಎ) ಓದಿದ್ದಾರೆ, ಅದರಲ್ಲಿ ನಮ್ಮ ಬೆಂಗಳೂರಿನ ಪಾಲು ದೊಡ್ಡದು. ಆದರೆ ಯಾರಿಗೆ ಈ ನೋವಿದೆ ಅನ್ನುವುದೇ ದಾಖಲಾಗದಿದ್ದರೆ ಜೀನೋಮ್ ಇಟ್ಟುಕೊಂಡು ಏನು ಹುಡುಕೋದು?

1999ರಲ್ಲೇ ಈ ನೋವನ್ನು ಅಳೆಯಲು ಒಂದು ಪ್ರಶ್ನೆಪಟ್ಟಿ ಬಂದಿದೆ. ಎಲ್ಲಿ ನೋವು, ಎಷ್ಟು, ಮೂತ್ರದ ತೊಂದರೆ ಏನು, ಬದುಕಿಗೆ ಎಷ್ಟು ತೊಂದರೆ, ಇಷ್ಟೇ. ಮಂಡ್ಯದ ಮಿಮ್ಸ್ ಆಸ್ಪತ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೆ ಅದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಓಪಿಡಿಯಲ್ಲಿ ಕೈಗೆ ಕೊಡಲಿ. ಅಪ್ಪನಿಗೆ, ಅಣ್ಣತಮ್ಮಂದಿರಿಗೆ, ಸೋದರಮಾವನಿಗೆ ಇದೆಯಾ ಅಂತಲೂ ಕೇಳಲಿ.